ಕಟ್ಟಡಗಳ ಬೆನ್ನೆಲುಬು: ಫಜ್ಲುರ್ ರಹಮಾನ್ ಖಾನ್

ಎತ್ತರದ ಕಟ್ಟಡ ಕಂಡರೆ ಅದರ ಮಾಲೀಕರು ಯಾರೆಂದು ಕೇಳುತ್ತೇವೆ. ಹೆಚ್ಚೆಂದರೆ ಆರ್ಕಿಟೆಕ್ಟ್ ಯಾರೆಂದು ವಿಚಾರಿಸುತ್ತೇವೆ. ಅದು ಬೀಳದಂತೆ ಲೆಕ್ಕ ಹಾಕಿದ ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ ತೆರೆಮರೆಯಲ್ಲೇ ಉಳಿಯುತ್ತಾರೆ. ಅಂಥ ಒಬ್ಬರನ್ನು ನಮ್ಮ ಶಾಲೆಯ ಮಕ್ಕಳಿಗೆ ಪರಿಚಯಿಸುವ ಆಸೆ ನನ್ನದು. ಅವರೂ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದವರೇ.

ಫಜ್ಲುರ್ ರಹಮಾನ್ ಖಾನ್ ಹುಟ್ಟಿದ್ದು 1929ರಲ್ಲಿ, ಢಾಕಾದಲ್ಲಿ. ತಂದೆ ಗಣಿತದ ಮೇಷ್ಟ್ರು. ಆರ್ಮಾನಿಟೋಲಾ ಸರ್ಕಾರಿ ಪ್ರೌಢಶಾಲೆಯಲ್ಲಿ ಕಲಿತ ಖಾನ್, ಮುಂದೆ ಎಂಜಿನಿಯರಿಂಗ್ ಓದಿ 1952ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿ ಮತ್ತು ಡಾಕ್ಟರೇಟ್ ಪಡೆದು, ಶಿಕಾಗೋದ ಪ್ರಸಿದ್ಧ ಕಟ್ಟಡ ವಿನ್ಯಾಸ ಸಂಸ್ಥೆಯೊಂದನ್ನು ಸೇರಿದರು.

ಕಟ್ಟಡ ಎತ್ತರವಾದಷ್ಟೂ ಗಾಳಿಯ ಒತ್ತಡ ದೊಡ್ಡ ಸವಾಲಾಗುತ್ತದೆ. ಒಳಗೆಲ್ಲ ಕಂಬ, ತೊಲೆ ತುಂಬಿದರೆ ಉಕ್ಕಿನ ಖರ್ಚು ಮಿತಿ ಮೀರುತ್ತದೆ. ಖಾನ್ ಆ ಬಲವನ್ನು ಕಟ್ಟಡದ ಹೊರಮೈಗೆ ತಂದರು. ಬಿದಿರು ಒಳಗೆ ಟೊಳ್ಳಾಗಿದ್ದರೂ ಗಾಳಿಗೆ ಮುರಿಯದೆ ನಿಲ್ಲುವಂತೆ, ಇಡೀ ಕಟ್ಟಡವನ್ನೇ ಒಂದು ಕೊಳವೆಯಾಗಿ ರೂಪಿಸಿದರು. ಆರ್ಕಿಟೆಕ್ಟ್ ಬ್ರೂಸ್ ಗ್ರಹಾಂ ಜೊತೆಗೂಡಿ ಅವರು ವಿನ್ಯಾಸಗೊಳಿಸಿದ 100 ಮಹಡಿಗಳ ಜಾನ್ ಹ್ಯಾನ್‌ಕಾಕ್ ಸೆಂಟರ್ ಮೇಲಿನ ದೊಡ್ಡ ಅಡ್ಡಪಟ್ಟಿಗಳು ಬರೀ ಅಲಂಕಾರವಲ್ಲ, ಅವೇ ಅದರ ಆಸರೆ. 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 206 ಕಿಲೋ ಉಕ್ಕು ಬೇಕಾಗಿತ್ತು. ಇದಕ್ಕೆ ಸುಮಾರು 145 ಕಿಲೋ ಸಾಕಾಯಿತು. ನಂತರ ಬಂದ 110 ಮಹಡಿಗಳ, 442 ಮೀಟರ್ ಎತ್ತರದ ಸಿಯರ್ಸ್ ಟವರ್‌ನಲ್ಲಿ ಒಂಬತ್ತು ಕೊಳವೆಗಳನ್ನು ಒಟ್ಟಿಗೆ ಕಟ್ಟಿದ ರಚನೆಯಿದೆ. ಎರಡು ದಶಕಗಳ ಕಾಲ ಅದೇ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು.

ಕಟ್ಟಡದ ಲೆಕ್ಕಕ್ಕೆ ಕಂಪ್ಯೂಟರ್ ಬಳಸಿದ ಮೊದಲಿಗರಲ್ಲಿ ಖಾನ್ ಕೂಡ ಒಬ್ಬರು ಎಂಬುದು ಸಾಫ್ಟ್‌ವೇರ್ ಕೆಲಸದ ನನಗೆ ವಿಶೇಷ ಹೆಮ್ಮೆ. ಆದರೂ ನಮ್ಮಿಬ್ಬರ ವೃತ್ತಿಯಲ್ಲಿ ಒಂದು ವ್ಯತ್ಯಾಸವಿದೆ. ನಮ್ಮ ಬಹಳಷ್ಟು ತಪ್ಪುಗಳನ್ನು ನಾಳೆ ತಿದ್ದಬಹುದು. ಜನ ಸಂಸಾರ ಹೂಡಿದ ಮನೆಯ ಕಂಬವನ್ನು ತಿದ್ದುವುದು ಅಷ್ಟು ಸುಲಭವಲ್ಲ. ನಮ್ಮ ಊರುಗಳಲ್ಲಿ ಟೈಲ್ಸ್‌ಗೆ ಲಕ್ಷ ಸುರಿಯುವವರೂ ಎಂಜಿನಿಯರ್ ಫೀಸು ಉಳಿಸಲು ನೋಡುತ್ತಾರೆ. ತಳಪಾಯ ಎಷ್ಟು ಭಾರ ತಾಳೀತು ಎಂದು ಕೇಳದೆಯೇ ಮೇಲೊಂದು ಮಹಡಿ ಏರಿಸುತ್ತಾರೆ. ಸರಿಯಾದ ಲೆಕ್ಕವು ಜೀವದ ಜೊತೆಗೆ ಹಣವನ್ನೂ ಉಳಿಸುತ್ತದೆ ಎಂಬುದಕ್ಕೆ ಖಾನ್ ಅವರ ಕಟ್ಟಡಗಳೇ ಸಾಕ್ಷಿ.

1982ರಲ್ಲಿ, 52ರ ವಯಸ್ಸಿನಲ್ಲಿ, ಖಾನ್ ತೀರಿಕೊಂಡರು. ಅವರ ಕೊಳವೆಯ ವಿಧಾನ ಇಂದಿಗೂ ಎತ್ತರದ ಕಟ್ಟಡಗಳನ್ನು ಹೊತ್ತು ನಿಂತಿದೆ. ಗಣಿತದಿಂದ ಏನು ಪ್ರಯೋಜನ ಎಂದು ಕೇಳುವ ನನ್ನ ತಮ್ಮ ತಂಗಿಯರಿಗೆ ಇದೇ ನನ್ನ ಉತ್ತರ.