ಕೆಸರಿನ ಗುಳ್ಳೆ ಹಿಡಿದ ವೋಲ್ಟಾ



ಈ ಸಂಚಿಕೆಗೆ ನಾನು ಅಲೆಸಾಂಡ್ರೋ ವೋಲ್ಟಾ ಎಂಬ ವಿಜ್ಞಾನಿಯ ಜೀವನ ಚರಿತ್ರೆ ಬರೆಯುತ್ತಿದ್ದೇನೆ. ವೋಲ್ಟಾ ಅಂದ ಕೂಡಲೇ ಎಲ್ಲರೂ ಬ್ಯಾಟರಿ ಅಂತಾರೆ. ಅದು ಸರಿಯೇ. ಆದರೆ ಬ್ಯಾಟರಿಗಿಂತ 24 ವರ್ಷ ಮೊದಲೇ ಅವರು ಕೆಸರಿನೊಳಗೆ ಇನ್ನೊಂದು ವಸ್ತುವನ್ನು ಕಂಡುಹಿಡಿದಿದ್ದರು. ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಅದಕ್ಕೇ ಅದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ವೋಲ್ಟಾ ಅವರು 1745ನೇ ಇಸವಿ ಫೆಬ್ರವರಿ 18ರಂದು ಇಟಲಿಯ ಕೋಮೋ ಎಂಬ ಊರಿನಲ್ಲಿ ಜನಿಸಿದರು. ನಾಲ್ಕು ವರ್ಷ ಆಗುವ ತನಕ ಅವರಿಗೆ ಮಾತೇ ಬರಲಿಲ್ಲವಂತೆ. ಹುಡುಗ ಮೂಗನಿರಬೇಕು ಅಂತ ಮನೆಯವರು ಹೆದರಿದ್ದರಂತೆ. ಚಿಕ್ಕ ವಯಸ್ಸಿನಲ್ಲೇ ತಂದೆಯೂ ತೀರಿಕೊಂಡರು. ಇವನು ವಕೀಲನಾಗಲಿ ಅನ್ನುವುದು ಮನೆಯವರ ಆಸೆ, ಆದರೆ ಇವರಿಗೆ ವಿದ್ಯುತ್ತಿನ ಹುಚ್ಚು. ಮುಂದೆ ಅದೇ ಊರಿನ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು.

1776ರಲ್ಲಿ ಕಾಂಪಿ ಎಂಬ ಪಾದ್ರಿ ಗೆಳೆಯರು ಒಂದು ಕಡೆ ನೆಲದಿಂದ ಉರಿಯುವ ಗಾಳಿ ಬರುವುದನ್ನು ನೋಡಿ ವೋಲ್ಟಾ ಅವರಿಗೆ ತಿಳಿಸಿದರು. ವೋಲ್ಟಾ ಸುಮ್ಮನೆ ಕೂರಲಿಲ್ಲ. ಆ ವರ್ಷ ನವೆಂಬರ್ ತಿಂಗಳಲ್ಲಿ ಮಜ್ಜೋರೆ ಎಂಬ ದೊಡ್ಡ ಸರೋವರಕ್ಕೆ ಹೋದರು. ಆಂಜೆರಾ ಎಂಬ ಊರಿನ ಹತ್ತಿರ ಜೊಂಡು ಬೆಳೆದ ಜಾಗದಲ್ಲಿ ಕೋಲಿನಿಂದ ನೀರಿನ ತಳದ ಕೆಸರನ್ನು ಕಲಕಿದರು. ಗುಳುಗುಳು ಅಂತ ಗುಳ್ಳೆಗಳು ಎದ್ದವು. ಕೆರೆಯಲ್ಲಿ ಎಮ್ಮೆ ಇಳಿದಾಗ ನಾವೂ ಇದನ್ನು ನೋಡಿದ್ದೇವೆ, ಆದರೆ ಯಾರೂ ಹಿಡಿಯಲಿಲ್ಲ ಅಷ್ಟೆ! ವೋಲ್ಟಾ ಹಿಡಿದರು. ನೀರು ತುಂಬಿದ ಸೀಸೆಯನ್ನು ಬೋರಲು ಹಾಕಿದರೆ ಗುಳ್ಳೆ ಮೇಲೆ ಹೋಗಿ ನಿಲ್ಲುತ್ತದೆ, ನೀರು ಕೆಳಗಿಳಿಯುತ್ತದೆ.

ಆ ಗಾಳಿಗೆ ಬೆಂಕಿ ತಾಗಿಸಿದರೆ ನೀಲಿ ಉರಿ ಬಂತು. ಹೈಡ್ರೋಜನ್ ಕೂಡ ಉರಿಯುತ್ತದೆ ಅಂತ ಆಗಲೇ ಗೊತ್ತಿತ್ತು. ಆದರೆ ಇದು ನಿಧಾನವಾಗಿ ಉರಿಯಿತು, ಉರಿಯಲು ಹೆಚ್ಚು ಗಾಳಿ ಕೇಳಿತು. ಹಾಗಾಗಿ ಇದು ಬೇರೆಯೇ ಅನಿಲ ಅಂತ ಅವರು ತೀರ್ಮಾನಿಸಿದರು. ಗಿಡ ಬಳ್ಳಿ ಕೊಳೆತು ಇದು ಹುಟ್ಟುತ್ತದೆ ಅಂತಲೂ ತಿಳಿದರು. ಇದನ್ನೆಲ್ಲ ಕಾಂಪಿ ಅವರಿಗೆ ಏಳು ಕಾಗದಗಳಲ್ಲಿ ಬರೆದರು. 1777ರಲ್ಲಿ ಅವು ಪುಸ್ತಕವಾಗಿ ಅಚ್ಚಾದವು. ಆ ಅನಿಲವೇ ಮೀಥೇನ್. ನಮ್ಮೂರಿನ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ. (ಯಾರೂ ಗೋಬರ್ ಗ್ಯಾಸ್ ಗುಂಡಿಯ ಹತ್ತಿರ ಬೆಂಕಿಕಡ್ಡಿ ಗೀರಲು ಹೋಗಬೇಡಿ.)

ವೋಲ್ಟಾ ಮುಂದೆ ಒಂದು ಪಾತ್ರೆಯಲ್ಲಿ ಈ ಗಾಳಿ ತುಂಬಿ ವಿದ್ಯುತ್ ಕಿಡಿಯಿಂದ ಢಂ ಅನ್ನಿಸುವ ಪಿಸ್ತೂಲು ಮಾಡಿದರು. ಕೋಮೋದಿಂದ ಮಿಲಾನ್ ಪಟ್ಟಣದವರೆಗೆ ಕಂಬ ನೆಟ್ಟು ತಂತಿ ಎಳೆದರೆ ಇಲ್ಲಿಂದಲೇ ಅಲ್ಲಿ ಪಿಸ್ತೂಲು ಹಾರಿಸಬಹುದು ಅಂತಲೂ ಯೋಚಿಸಿದ್ದರು. ಆಗ ಟೆಲಿಗ್ರಾಫ್ ಕೂಡ ಇರಲಿಲ್ಲ ನೋಡಿ!

ಆಮೇಲಿನದು ನಿಮಗೆ ಗೊತ್ತೇ ಇದೆ. ಗಾಲ್ವಾನಿ ಅವರು ಸತ್ತ ಕಪ್ಪೆಯ ಕಾಲಿನಲ್ಲೇ ವಿದ್ಯುತ್ ಇದೆ ಅಂದರು, ವೋಲ್ಟಾ ಅದನ್ನು ಒಪ್ಪಲಿಲ್ಲ. ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು 1800ರಲ್ಲಿ ಬ್ಯಾಟರಿ ಮಾಡಿ ತೋರಿಸಿದರು. ನೆಪೋಲಿಯನ್ ಕೂಡ ಗೌರವಿಸಿದನು. 1827ರ ಮಾರ್ಚ್ 5ರಂದು ವೋಲ್ಟಾ ತೀರಿಕೊಂಡರು. ಅವರ ಹೆಸರಿನಿಂದಲೇ ವೋಲ್ಟ್ ಎಂಬ ಅಳತೆ ಬಂದಿದೆ.

ಆದರೆ ಕೆಸರಿನಲ್ಲಿ ಆ ಗಾಳಿಯನ್ನು ಮಾಡುವವರು ಯಾರು ಅನ್ನುವುದು ವೋಲ್ಟಾ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಪಾಪ, ತಿಳಿಯುವ ಕಾಲವೂ ಅಲ್ಲ ಅದು. ಆಮ್ಲಜನಕ ಇಲ್ಲದ ಕಡೆ ಮಾತ್ರ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ. ದೊಡ್ಡ ಪಟ್ಟಣಗಳಲ್ಲಿ ಕಸವನ್ನು ಗುಡ್ಡದ ಹಾಗೆ ಸುರಿದು ಮಣ್ಣು ಮುಚ್ಚುತ್ತಾರಲ್ಲ, ಅದರ ಒಳಗೂ ಗಾಳಿ ಆಡುವುದಿಲ್ಲ. ಅಲ್ಲೂ ಇವು ಸೇರಿಕೊಳ್ಳುತ್ತವೆ. ಕಸದ ಗುಡ್ಡದಿಂದ ಬರುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನೇ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಒಲೆಯಲ್ಲಿ ಉರಿದರೆ ಉಪಯೋಗ, ಸುಮ್ಮನೆ ಮೇಲೆ ಹೋದರೆ ಅಪಾಯ.

1906ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಸೋಂಗನ್ ಎಂಬ ವಿಜ್ಞಾನಿ ಮೀಥೇನನ್ನೇ ಊಟ ಮಾಡುವ ಬ್ಯಾಕ್ಟೀರಿಯಾ ಕಂಡುಹಿಡಿದರು. ನನಗೆ ಇದು ಬಹಳ ಆಶ್ಚರ್ಯ. ಒಂದು ಜಾತಿ ಗಾಳಿ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ತಿನ್ನುತ್ತದೆ! ಡೆನ್ಮಾರ್ಕ್ ದೇಶದಲ್ಲಿ ಹಳೆಯ ಕಸದ ಗುಡ್ಡಗಳ ಮೇಲೆ ಕಾಂಪೋಸ್ಟ್ ಗೊಬ್ಬರವನ್ನು ದಪ್ಪವಾಗಿ ಹೊದಿಸಿ ಈ ಬ್ಯಾಕ್ಟೀರಿಯಾಗಳಿಗೆ ಮನೆ ಮಾಡಿಕೊಟ್ಟಿದ್ದಾರೆ. ಕೆಳಗಿನಿಂದ ಮೀಥೇನ್ ಬರುತ್ತದೆ, ಮೇಲಿನಿಂದ ಆಮ್ಲಜನಕ ಇಳಿಯುತ್ತದೆ. ಅವು ಎರಡನ್ನೂ ತೆಗೆದುಕೊಂಡು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದೂ ಬಿಸಿ ಮಾಡುತ್ತದೆ, ಆದರೆ ಮೀಥೇನಿನಷ್ಟು ಅಲ್ಲ.

ಗೊಬ್ಬರ ಒಣಗಿದರೆ ಇವು ಸುಸ್ತಾಗುತ್ತವೆ. ಚಳಿ ಜಾಸ್ತಿಯಾದರೂ ಕೆಲಸ ನಿಧಾನ. ಹೊಸ ಕಸದ ಗುಡ್ಡದಿಂದ ಗಾಳಿ ರಭಸವಾಗಿ ಬಂದರೆ ಎಲ್ಲವನ್ನೂ ತಿಂದು ಮುಗಿಸಲು ಇವುಗಳಿಂದ ಆಗುವುದಿಲ್ಲ. ಅಂಥ ಕಡೆ ಕೊಳವೆ ಇಳಿಸಿ ಗಾಳಿಯನ್ನು ಎಳೆದು ಉರಿಸುತ್ತಾರೆ ಇಲ್ಲವೇ ಕರೆಂಟು ಮಾಡುತ್ತಾರೆ. ಗಾಳಿ ಕಡಿಮೆಯಾದ ಹಳೆಯ ಗುಡ್ಡಗಳನ್ನು ಬ್ಯಾಕ್ಟೀರಿಯಾಗಳಿಗೆ ಬಿಡುತ್ತಾರೆ.