ಬೆಂಕಿಯ ಬುಡ ಹುಡುಕಿದ ಬ್ರೇಡ್‌ವುಡ್

ಕಟ್ಟಡವೊಂದು ಸುಟ್ಟು ಕರಕಲಾದಾಗ ತನಿಖಾ ತಜ್ಞರು ಮೊದಲು ಹುಡುಕುವುದು ಬೆಂಕಿ ಹುಟ್ಟಿದ ಜಾಗವನ್ನು. ಜಾಗ ಗೊತ್ತಾಗದೆ ಕಾರಣ ಹೇಳಿದರೆ ಅದು ಬರಿಯ ಊಹೆ. ಈ ತನಿಖೆ ಒಂದು ಶಾಸ್ತ್ರವಾಗಿ ಬೆಳೆಯುವುದಕ್ಕೆ ಬಹಳ ಮೊದಲೇ, ಉರಿಯುವ ಮನೆಯೊಳಗೆ ನುಗ್ಗಿ ಬೆಂಕಿಯ ಬುಡವನ್ನೇ ತಲುಪಬೇಕೆಂದು ಹಠ ಹಿಡಿದವರು ಸ್ಕಾಟ್‌ಲೆಂಡಿನ ಜೇಮ್ಸ್ ಬ್ರೇಡ್‌ವುಡ್.

1800ರಲ್ಲಿ ಎಡಿನ್‌ಬರೋದಲ್ಲಿ ಮರಗೆಲಸದವರೊಬ್ಬರ ಮಗನಾಗಿ ಜನಿಸಿದ ಅವರು ಕಟ್ಟಡಗಳ ಸರ್ವೇ ಕೆಲಸ ಕಲಿತಿದ್ದರು. 1824ರಲ್ಲಿ ನಗರದ ಅಗ್ನಿಶಾಮಕ ದಳದ ಮುಖ್ಯಸ್ಥರಾದಾಗ ವಯಸ್ಸು ಇಪ್ಪತ್ತನಾಲ್ಕು. ಕೆಲವೇ ವಾರಗಳಲ್ಲಿ, ನವೆಂಬರ್‌ನಲ್ಲಿ, ಹಳೆಯ ಎಡಿನ್‌ಬರೋದ ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು. ಅಧಿಕಾರವಿದ್ದವರೆಲ್ಲ ತಲೆಗೊಂದು ಆಜ್ಞೆ ಕೊಟ್ಟು ಗೊಂದಲವೆಬ್ಬಿಸಿದ್ದರು. ಆ ಬಳಿಕವೇ ಬೆಂಕಿಯ ಸ್ಥಳದಲ್ಲಿ ದಳದ ಮುಖ್ಯಸ್ಥನ ಮಾತೇ ಅಂತಿಮವೆಂಬ ಕ್ರಮ ಬಂದಿತು.

ಬ್ರೇಡ್‌ವುಡ್ ತಮ್ಮ ದಳಕ್ಕೆ ಬಡಗಿ, ಗಾರೆಯವ, ಹೆಂಚು ಹೊದಿಸುವವರನ್ನೇ ಆರಿಸಿಕೊಂಡರು. ಗೋಡೆಯ ಹಿಂದೆ ಯಾವ ತೊಲೆ ಹಾದಿದೆ, ಹೊಗೆ ನಳಿಕೆ ಎಲ್ಲಿ ತಿರುಗಿದೆ ಎಂಬುದು ಇವರಿಗೆ ಗೊತ್ತು. ಬೀದಿಯಲ್ಲಿ ನಿಂತು ಕಿಟಕಿಗೆ ನೀರೆರಚಿದರೆ ಪ್ರಯೋಜನವಿಲ್ಲ, ನೆಲಕ್ಕೆ ಒರಗಿ ಹೊಗೆಯಡಿಯಲ್ಲಿ ತೆವಳಿ ಒಳಹೋಗಬೇಕೆಂಬುದು ಅವರ ಪಾಠ. ನಂದಿಸಲು ಹೇಳಿಕೊಟ್ಟ ಈ ವಿದ್ಯೆಯಿಂದ ಬೆಂಕಿಯ ಹುಟ್ಟನ್ನು ಹತ್ತಿರದಿಂದ ಕಂಡ ಕಣ್ಣುಗಳೂ ಸಿದ್ಧವಾದವು.

1833ರಲ್ಲಿ ವಿಮಾ ಕಂಪನಿಗಳು ಕೂಡಿ ಕಟ್ಟಿದ ಲಂಡನ್ ದಳದ ಹೊಣೆ ಅವರಿಗೆ ಬಂದಿತು. ಹಣ ತೆರುವ ವಿಮೆಗಾರರಿಗೆ ಕಾರಣ ಬೇಕೇ ಬೇಕಲ್ಲ! ಮೇಣದಬತ್ತಿ, ಪರದೆ, ನಳಿಕೆ, ಅನಿಲ, ಅನುಮಾನಾಸ್ಪದ, ಅಜ್ಞಾತ ಎಂದು ನಗರದ ಬೆಂಕಿಗಳ ವರ್ಗೀಕರಣ ವರ್ಷವರ್ಷವೂ ನಡೆಯಿತು.

ಮರುವರ್ಷವೇ, 1834ರ ಅಕ್ಟೋಬರ್ 16ರಂದು, ಬ್ರಿಟಿಷ್ ಸಂಸತ್ ಭವನ ಉರಿಯಿತು. ಬ್ರೇಡ್‌ವುಡ್‌ರ ದಳವೂ ಸೇರಿ ಹೋರಾಡಿದ್ದರಿಂದ ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿಯಿತು. ಸಂಚೆಂಬ ಗುಲ್ಲು ಎದ್ದಿತ್ತು. ವಿಚಾರಣೆಯಲ್ಲಿ ಹೊರಬಿದ್ದದ್ದೇ ಬೇರೆ: ಹಳೆಯ ಲೆಕ್ಕದ ಮರದ ಕಡ್ಡಿಗಳನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ದಿನವಿಡೀ ಸುಟ್ಟಿದ್ದರು. ಮಧ್ಯಾಹ್ನ ಸಭಾಂಗಣ ನೋಡಲು ಬಂದವರ ಕಾಲಿಗೆ ನೆಲ ಬಿಸಿ ತಗುಲಿತ್ತು. ಯಾರೂ ಗಮನ ಕೊಡಲಿಲ್ಲ.

ಇಂಥ ಅಡಗಿದ ಶಾಖವೇ ಬ್ರೇಡ್‌ವುಡ್‌ರನ್ನು ಬಹುಕಾಲ ಕಾಡಿತು. 1846ರಲ್ಲಿ ಲಾರ್ಡ್ಸ್ ಸಭೆಯ ಸಮಿತಿಯೊಂದರ ಮುಂದೆ ಅವರು ಒಂದು ವಿಚಿತ್ರ ಅಭಿಪ್ರಾಯ ನೀಡಿದರು. ಕುದಿಯುವ ನೀರಿಗಿಂತ ಹೆಚ್ಚೇನೂ ಬಿಸಿಯಿಲ್ಲದ ಕೊಳವೆಯ ಪಕ್ಕದಲ್ಲಿ ಎಂಟು-ಹತ್ತು ವರ್ಷ ಒಣಗಿದ ಮರ, ಕಿಡಿಯ ಸೋಂಕಿಲ್ಲದೆ ತಾನೇ ಹೊತ್ತಿಕೊಳ್ಳಬಲ್ಲದು ಎಂಬುದು ಅದರ ಸಾರ. ಹೊಸ ಮರ ಹೊತ್ತಲು ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕಾಗುವುದರಿಂದ ಇದನ್ನು ನಂಬುವುದು ಸುಲಭವಲ್ಲ. ಆದರೆ ದೀರ್ಘಕಾಲದ ಶಾಖದಿಂದ ಮರ ನಿಧಾನವಾಗಿ ಇದ್ದಿಲಾಗುತ್ತದೆ, ಇದ್ದಿಲು ಕಡಿಮೆ ಶಾಖಕ್ಕೇ ಕೆಂಡವಾಗುತ್ತದೆ. ಈ ಪ್ರಕ್ರಿಯೆ ಎಷ್ಟು ಕಡಿಮೆ ಶಾಖದಲ್ಲಿ ಸಾಧ್ಯವೆಂಬ ಬಗ್ಗೆ ತಜ್ಞರ ನಡುವೆ ವಾದ ಇಂದಿಗೂ ಮುಗಿದಿಲ್ಲ.

ಥೇಮ್ಸ್ ದಂಡೆಯ ಭಾರೀ ಉಗ್ರಾಣಗಳ ಬಗ್ಗೆಯೂ ಅವರು ಎಚ್ಚರಿಸುತ್ತಲೇ ಇದ್ದರು. 1861ರ ಜೂನ್ 22ರ ಸಂಜೆ ಟೂಲಿ ಸ್ಟ್ರೀಟ್‌ನ ಕಾಟನ್ಸ್ ವಾರ್ಫ್‌ನಲ್ಲಿ ಸೆಣಬು, ಹತ್ತಿ, ಕೊಬ್ಬು ತುಂಬಿದ ಅಂತಹುದೇ ಉಗ್ರಾಣ ಹೊತ್ತಿಕೊಂಡಿತು. ದಣಿದ ತಮ್ಮವರನ್ನು ಹುರಿದುಂಬಿಸುತ್ತಿದ್ದ ಬ್ರೇಡ್‌ವುಡ್ ಮೇಲೆ ಗೋಡೆ ಉರುಳಿತು. ಶವ ಹೊರತೆಗೆಯಲು ದಿನಗಳೇ ಹಿಡಿದವು. ಬೆಂಕಿ ಎರಡು ವಾರ ಉರಿಯಿತು.

ತೇವದ ಸೆಣಬು ಒಳಗೊಳಗೇ ಕಾದು ಹೊತ್ತಿತೆಂದು ಹಲವರು ಶಂಕಿಸಿದರು, ಕೆಲವರು ಧೂಮಪಾನವನ್ನು ದೂರಿದರು. ಹುಟ್ಟಿದ ಜಾಗವೇ ಬೂದಿಯಾಗಿತ್ತು, ಕಾರಣ ಖಚಿತವಾಗಲಿಲ್ಲ. ನಷ್ಟದಿಂದ ಕಂಗೆಟ್ಟ ವಿಮಾ ಕಂಪನಿಗಳು ಹೊಣೆ ಬಿಟ್ಟುಕೊಡಲು ಮುಂದಾದವು. 1865ರಲ್ಲಿ ಕಾಯ್ದೆ ಬಂದಿತು. 1866ರಲ್ಲಿ ಲಂಡನ್‌ಗೆ ಸಾರ್ವಜನಿಕ ಅಗ್ನಿಶಾಮಕ ದಳ ದೊರೆಯಿತು.