ಅಕ್ಕನ ಗೈಡಿನಲ್ಲಿ ಸಿಕ್ಕ ವೈಗೋಟ್ಸ್ಕಿ

ಕಳೆದ ವರ್ಷ ಮೂರನೇ ಸೆಮಿಸ್ಟರ್ ಫಲಿತಾಂಶ ಬಂದಾಗ ನನ್ನ ಗಣಿತ ಬ್ಯಾಕ್ ಉಳಿದಿತ್ತು. ರಜೆಗೆ ಊರಿಗೆ ಹೋದವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಪ್ಪ ಗಾರೆ ಕೆಲಸದವರು. ಮಗ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂಬುದು ಅವರ ಜೊತೆ ಕೆಲಸ ಮಾಡುವವರಿಗೆಲ್ಲ ಗೊತ್ತು. ಅವರ ಮುಂದೆ ಆ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ.

ಅಕ್ಕ ಬಿ.ಇಡಿ ಮುಗಿಸಿ ಟಿಇಟಿಗೆ ಓದುತ್ತಿದ್ದಳು. ರಾತ್ರಿ ಊಟವಾದ ಮೇಲೆ ಗೈಡನ್ನು ನನ್ನ ಕೈಗಿತ್ತು ಪ್ರಶ್ನೆ ಕೇಳು ಎನ್ನುತ್ತಿದ್ದಳು. ಮಕ್ಕಳು ಹೇಗೆ ಬೆಳೆಯುತ್ತಾರೆ, ಹೇಗೆ ಕಲಿಯುತ್ತಾರೆ ಎಂಬ ಅಧ್ಯಾಯದ ತುಂಬ ಹಂತಗಳದ್ದೇ ಲೆಕ್ಕ. ಪಿಯಾಜೆಗೆ ನಾಲ್ಕು, ಎರಿಕ್‌ಸನ್‌ಗೆ ಎಂಟು, ಕೋಲ್‌ಬರ್ಗ್‌ಗೆ ಆರು. ಅಕ್ಕ ಎಲ್ಲವನ್ನೂ ಪಟಪಟನೆ ಒಪ್ಪಿಸುತ್ತಿದ್ದಳು. ವೈಗೋಟ್ಸ್ಕಿ ಎಂಬ ಹೆಸರಿನ ಕೆಳಗೆ ಮಾತ್ರ ಅಂಥ ಪಟ್ಟಿ ಇರಲಿಲ್ಲ. ಮೂರು ಸಾಲಿನ ವಿವರಣೆ, ಪಕ್ಕದಲ್ಲಿ 1896–1934 ಎಂಬ ಇಸವಿ. ಮನಸ್ಸಿನಲ್ಲೇ ಕಳೆದು ನೋಡಿದೆ. ಈ ಮನುಷ್ಯನಿಗೆ ನಲವತ್ತೂ ತುಂಬಿರಲಿಲ್ಲ.

ಅಷ್ಟು ಸ್ವಲ್ಪ ಕಾಲ ಬದುಕಿದವರು ನಮ್ಮ ಅಕ್ಕನ ಸಿಲಬಸ್‌ವರೆಗೆ ಬಂದದ್ದು ಹೇಗೆ? ಕಾಲೇಜಿಗೆ ಮರಳಿದ ಮೇಲೆ ಅವರ ಬಗ್ಗೆ ಓದತೊಡಗಿದೆ. ನಿಜ ಹೇಳಬೇಕೆಂದರೆ ಗಣಿತದ ಪುಸ್ತಕ ತೆರೆಯದಿರಲು ಅದೊಂದು ನೆಪವೂ ಆಗಿತ್ತು.

ಲೆವ್ ವೈಗೋಟ್ಸ್ಕಿ ಹುಟ್ಟಿದ್ದು 1896ರ ನವೆಂಬರ್‌ನಲ್ಲಿ, ಆಗಿನ ರಷ್ಯನ್ ಸಾಮ್ರಾಜ್ಯದ ಓರ್ಷಾ ಎಂಬ ಊರಿನಲ್ಲಿ. ಬೆಳೆದದ್ದು ಗೋಮೆಲ್‌ನಲ್ಲಿ. ಎರಡೂ ಊರುಗಳು ಈಗ ಬೆಲಾರುಸ್‌ಗೆ ಸೇರಿವೆ. ಎಂಟು ಮಕ್ಕಳಲ್ಲಿ ಅವರು ಎರಡನೆಯವರು. ತಂದೆ ಬ್ಯಾಂಕಿನಲ್ಲಿದ್ದರು, ತಾಯಿ ಶಿಕ್ಷಕಿಯಾಗಲು ತರಬೇತಿ ಪಡೆದವರು. ಮೊದಲ ವರ್ಷಗಳಲ್ಲಿ ಹುಡುಗನಿಗೆ ಮನೆಪಾಠ. ಮೇಷ್ಟ್ರು ಸೊಲೊಮನ್ ಆಶ್ಪಿಜ್ ಉತ್ತರ ಹೇಳಿಕೊಡುತ್ತಿರಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಉತ್ತರವನ್ನು ಹುಡುಗನ ಬಾಯಿಂದಲೇ ಹೊರಡಿಸುತ್ತಿದ್ದರು. ವೈಗೋಟ್ಸ್ಕಿ ಮುಂದೆ ಹೇಳಿದ್ದೆಲ್ಲ ಓದಿದ ಮೇಲೆ ಈ ಮೇಷ್ಟ್ರು ನನಗೆ ಮತ್ತೆ ಮತ್ತೆ ನೆನಪಾದರು.

ಅವರದು ಯಹೂದಿ ಕುಟುಂಬ. ಯಹೂದಿಗಳು ಎಲ್ಲಿ ವಾಸಿಸಬೇಕು, ಯಾವ ಕೆಲಸಕ್ಕೆ ಸೇರಬಹುದು ಎಂಬುದಕ್ಕೆಲ್ಲ ಜಾರ್ ಸರ್ಕಾರದ ಕಟ್ಟಳೆಗಳಿದ್ದ ಕಾಲ ಅದು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಅವರಿಗೆ ಇದ್ದದ್ದು ನೂರಕ್ಕೆ 3 ಸೀಟು. 1913ರಲ್ಲಿ ವೈಗೋಟ್ಸ್ಕಿ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದರು. ಪದಕ ಇರುವುದರಿಂದ ಸೀಟು ಖಾತ್ರಿ ಎಂದುಕೊಂಡಿದ್ದಾಗಲೇ ನಿಯಮ ಬದಲಾಯಿತು. ಇನ್ನು ಮುಂದೆ ಅಂಕ ನೋಡುವುದಿಲ್ಲ, ಚೀಟಿ ಎತ್ತುತ್ತೇವೆ ಎಂದಿತು ಸರ್ಕಾರ. ತನಗೆ ಸೀಟು ಸಿಗುವುದಿಲ್ಲ ಎಂದು ಹುಡುಗ ಗೆಳೆಯನ ಜೊತೆ ಬಾಜಿ ಕಟ್ಟಿದ. ಚೀಟಿಯಲ್ಲಿ ಹೆಸರು ಬಂತು. ಬಾಜಿ ಸೋತದ್ದಕ್ಕೆ ಗೆಳೆಯನಿಗೆ ಒಂದು ಪುಸ್ತಕ ಕೊಡಬೇಕಾಯಿತು. ಆ ಚೀಟಿ ಬರದಿದ್ದರೆ ಅಕ್ಕನ ಗೈಡಿನಲ್ಲಿ ಆ ಮೂರು ಸಾಲು ಇರುತ್ತಿತ್ತೋ ಇಲ್ಲವೋ.

ಮಾಸ್ಕೋದಲ್ಲಿ ಮೊದಲು ಸೇರಿದ್ದು ವೈದ್ಯಕೀಯಕ್ಕೆ. ಬೇಗನೆ ಅದನ್ನು ಬಿಟ್ಟು ಕಾನೂನಿಗೆ ಬದಲಾದರು. ಮನಸ್ಸಿದ್ದದ್ದು ಸಾಹಿತ್ಯದಲ್ಲಿ ಮತ್ತು ತತ್ವಶಾಸ್ತ್ರದಲ್ಲಿ. ಹಾಗಾಗಿ ಶಾನ್ಯಾವ್‌ಸ್ಕಿ ಎಂಬ ಖಾಸಗಿ ವಿಶ್ವವಿದ್ಯಾಲಯದಲ್ಲೂ ಪಾಠ ಕೇಳಿದರು. ಅಲ್ಲಿನ ಪದವಿಗೆ ಸರ್ಕಾರಿ ಮಾನ್ಯತೆ ಇರಲಿಲ್ಲ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಬಗ್ಗೆ ದೀರ್ಘ ಪ್ರಬಂಧ ಬರೆದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

1917ರಲ್ಲಿ ಗೋಮೆಲ್‌ಗೆ ಮರಳಿದರು. ಕ್ರಾಂತಿಯಾಗಿ ಯಹೂದಿಗಳ ಮೇಲಿನ ಕಟ್ಟಳೆಗಳು ಹೋದ ಮೇಲೆ ಶಾಲೆಗಳಲ್ಲಿ ಸಾಹಿತ್ಯ ಕಲಿಸಿದರು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸಣ್ಣದೊಂದು ಮನಃಶಾಸ್ತ್ರ ಪ್ರಯೋಗಾಲಯ ಕಟ್ಟಿದರು. ಇದೇ ಹೊತ್ತಿಗೆ ಮನೆಗೆ ಕ್ಷಯ ಬಂತು. ತಾಯಿ ಕಾಯಿಲೆ ಬಿದ್ದರು, ತಮ್ಮ ತೀರಿಕೊಂಡ. ಆರೈಕೆ ಮಾಡಿದ ವೈಗೋಟ್ಸ್ಕಿಗೂ ಅದು ಅಂಟಿತು. ಪರಿಣಾಮಕಾರಿ ಔಷಧ ಇಲ್ಲದ ಕಾಲ. ಅಲ್ಲಿಂದ ಮುಂದಿನ ಬದುಕನ್ನೆಲ್ಲ ಅವರು ಕಾಯಿಲೆಯ ಜೊತೆಯಲ್ಲೇ ಬದುಕಿದರು.

1924ರ ಜನವರಿಯಲ್ಲಿ ಪೆಟ್ರೋಗ್ರಾಡ್‌ನಲ್ಲಿ ಮನೋವಿಜ್ಞಾನಿಗಳ ದೊಡ್ಡ ಸಮ್ಮೇಳನ ನಡೆಯಿತು. ಗೋಮೆಲ್‌ನಿಂದ ಬಂದ 27 ವರ್ಷದ ಈ ಮೇಷ್ಟ್ರ ಹೆಸರು ಅಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮನಸ್ಸು, ಪ್ರಜ್ಞೆ ಎಂಬ ಮಾತುಗಳನ್ನೇ ಪಕ್ಕಕ್ಕಿಟ್ಟು ಎಲ್ಲವನ್ನೂ ಪ್ರತಿಕ್ರಿಯೆಗಳಾಗಿ ವಿವರಿಸುವುದು ಆಗಿನ ಅಲೆ. ಪ್ರಜ್ಞೆಯನ್ನು ಬಿಟ್ಟರೆ ಮನುಷ್ಯನನ್ನು ಅರ್ಥ ಮಾಡಿಕೊಳ್ಳಲಾಗದು ಎಂದು ವೈಗೋಟ್ಸ್ಕಿ ಅದೇ ಸಭೆಯಲ್ಲಿ ವಾದಿಸಿದರು. ಬರೆದುಕೊಂಡ ಭಾಷಣ ಇಲ್ಲದೆ ಸರಾಗವಾಗಿ ಮಾತನಾಡಿದ್ದನ್ನು ಅಲ್ಲಿದ್ದ ಅಲೆಕ್ಸಾಂಡರ್ ಲೂರಿಯಾ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮಾಸ್ಕೋದ ಮನಃಶಾಸ್ತ್ರ ಸಂಸ್ಥೆಯಿಂದ ಕರೆ ಬಂತು. ಅದೇ ವರ್ಷ ರೋಜಾ ಎಂಬುವರನ್ನು ಮದುವೆಯಾಗಿ ಹೊರಟರು. ಉಳಿಯಲು ಸಿಕ್ಕಿದ್ದು ಸಂಸ್ಥೆಯ ನೆಲಮಾಳಿಗೆಯ ಕೋಣೆ.

ಮುಂದಿನ ಹತ್ತು ವರ್ಷಗಳಲ್ಲೇ ಅವರ ಮುಖ್ಯ ಕೆಲಸವೆಲ್ಲ ನಡೆದದ್ದು. 1925ರಲ್ಲಿ ಕಿವುಡ ಮಕ್ಕಳ ಶಿಕ್ಷಣದ ಸಮ್ಮೇಳನಕ್ಕೆ ಲಂಡನ್‌ಗೆ ಹೋಗಿ ಬಂದ ಮೇಲೆ ಕಾಯಿಲೆ ಉಲ್ಬಣಿಸಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಅಲ್ಲೂ ಬರವಣಿಗೆ ಬಿಡಲಿಲ್ಲ. ಕಿವುಡ, ಕುರುಡ ಮಕ್ಕಳ ಬಗ್ಗೆ ಅವರು ಹೇಳಿದ್ದು ಇಂದಿಗೂ ಹೊಸದೆನಿಸುತ್ತದೆ. ಮಗುವಿನ ಕೊರತೆಯನ್ನಷ್ಟೇ ಅಳೆಯುತ್ತ ಕೂರಬೇಡಿ, ಕೊರತೆಯನ್ನು ದಾಟಲು ಆ ಮಗು ಹುಡುಕಿಕೊಳ್ಳುವ ಬೇರೆ ದಾರಿಯನ್ನು ನೋಡಿ ಎಂಬುದು ಅದರ ತಿರುಳು.

ಅವರ ತಂಡದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಮಕ್ಕಳಿಗೆ ಬಣ್ಣಗಳ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಎರಡು ಬಣ್ಣಗಳ ಹೆಸರು ಹೇಳುವಂತಿಲ್ಲ, ಒಮ್ಮೆ ಹೇಳಿದ ಬಣ್ಣವನ್ನು ಮತ್ತೆ ಹೇಳುವಂತಿಲ್ಲ. ನೆನಪಿಟ್ಟುಕೊಳ್ಳಲು ಬಣ್ಣದ ಕಾರ್ಡುಗಳನ್ನು ಮುಂದಿಡುತ್ತಾರೆ. ತೀರಾ ಚಿಕ್ಕವರಿಗೆ ಕಾರ್ಡುಗಳಿಂದ ಹೆಚ್ಚೇನೂ ಉಪಯೋಗವಾಗಲಿಲ್ಲ. ಎಂಟರಿಂದ ಹದಿಮೂರು ವರ್ಷದವರು ಅವನ್ನು ಬಳಸಿಕೊಂಡು ತಪ್ಪುಗಳನ್ನು ತುಂಬಾ ಕಡಿಮೆ ಮಾಡಿಕೊಂಡರು. ದೊಡ್ಡವರು ಕಾರ್ಡುಗಳಿಲ್ಲದೆಯೂ ಚೆನ್ನಾಗಿಯೇ ಮಾಡಿದರು. ಮೊದಲು ಹೊರಗಿನಿಂದ ಸಿಗುವ ಸಹಾಯ ಬರಬರುತ್ತ ಒಳಗೇ ಸೇರಿಕೊಳ್ಳುತ್ತದೆ ಎಂದು ವೈಗೋಟ್ಸ್ಕಿ ಇದರಿಂದ ವಿವರಿಸಿದರು. ಭಾಷೆ, ಎಣಿಕೆ, ನೆನಪು ಎಲ್ಲವೂ ಹೀಗೆ ಮೊದಲು ಜನರ ನಡುವೆ ಇದ್ದು ಆಮೇಲೆ ನಮ್ಮ ತಲೆಯೊಳಗೆ ಬರುತ್ತವೆ.

ಇದೇ ಕಾರಣಕ್ಕೆ ಸ್ವಿಟ್ಜರ್‌ಲೆಂಡಿನ ಪಿಯಾಜೆಯ ಜೊತೆ ಅವರಿಗೆ ಭಿನ್ನಾಭಿಪ್ರಾಯ ಬಂತು. ಇಬ್ಬರೂ 1896ರಲ್ಲೇ ಹುಟ್ಟಿದವರು. ಚಿಕ್ಕ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರಲ್ಲ, ಅದು ಮಗು ಇನ್ನೂ ಬೇರೆಯವರ ದೃಷ್ಟಿಯಿಂದ ನೋಡಲು ಕಲಿಯದ್ದರ ಗುರುತು, ದೊಡ್ಡದಾದಂತೆ ಹೋಗಿಬಿಡುತ್ತದೆ ಎಂದಿದ್ದರು ಪಿಯಾಜೆ. ವೈಗೋಟ್ಸ್ಕಿ ಒಪ್ಪಲಿಲ್ಲ. ಚಿತ್ರ ಬರೆಯುವ ಮಗುವಿಗೆ ಬೇಕಾದ ಪೆನ್ಸಿಲ್ ಅಥವಾ ಕಾಗದ ಸಿಗದಂತೆ ಮಾಡಿದರೆ ಆ ಮಾತು ಸುಮಾರು ಎರಡು ಪಟ್ಟಾಗುವುದನ್ನು ಅವರು ಕಂಡಿದ್ದರು. ಕಷ್ಟ ಬಂದಾಗಲೇ ಅದು ಹೆಚ್ಚಾಗುತ್ತದೆ ಎಂದಮೇಲೆ ಮಗು ಆ ಮಾತಿನಿಂದಲೇ ಯೋಚಿಸುತ್ತಿದೆ. ಮುಂದೆ ಆ ಮಾತು ಮಾಯವಾಗುವುದಿಲ್ಲ, ದನಿ ಕಳೆದುಕೊಂಡು ಒಳಗಿನ ಯೋಚನೆಯಾಗುತ್ತದೆ ಎಂದರು. ಪರೀಕ್ಷೆ ಹಾಲ್‌ನಲ್ಲಿ ತುಟಿ ಅಲ್ಲಾಡಿಸುತ್ತ ಲೆಕ್ಕ ಮಾಡುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಇನ್ನು ಗೈಡಿನ ಆ ಮೂರು ಸಾಲು. ಸಮೀಪಸ್ಥ ವಿಕಾಸ ವಲಯ ಎಂಬ ಬಾಯಿ ತಿರುಗದ ಹೆಸರು. ವೈಗೋಟ್ಸ್ಕಿ ಕೊಟ್ಟ ಉದಾಹರಣೆ ಮಾತ್ರ ಸರಳವಾಗಿದೆ. ಹತ್ತು ವರ್ಷದ ಇಬ್ಬರು ಮಕ್ಕಳು. ಪರೀಕ್ಷೆಯಲ್ಲಿ ಇಬ್ಬರದೂ ಎಂಟು ವರ್ಷದವರ ಮಟ್ಟ ಎಂದು ಬರುತ್ತದೆ. ನಾವಾದರೆ ಇಬ್ಬರೂ ಒಂದೇ ಎಂದು ಸುಮ್ಮನಾಗುತ್ತೇವೆ. ಈಗ ಇಬ್ಬರಿಗೂ ಸ್ವಲ್ಪ ಸುಳಿವು ಕೊಟ್ಟು, ಪ್ರಶ್ನೆ ಕೇಳಿ, ಮೊದಲ ಹೆಜ್ಜೆ ತೋರಿಸಿ ನೋಡಿ. ಒಬ್ಬ ಹನ್ನೆರಡು ವರ್ಷದವರ ಲೆಕ್ಕ ಬಿಡಿಸುತ್ತಾನೆ, ಇನ್ನೊಬ್ಬ ಒಂಬತ್ತಕ್ಕೇ ನಿಲ್ಲುತ್ತಾನೆ. ಹಾಗಾದರೆ ಇಬ್ಬರೂ ಒಂದೇ ಹೇಗಾದರು? ಒಬ್ಬನೇ ಮಾಡಬಲ್ಲದ್ದಕ್ಕೂ ಸಹಾಯ ಸಿಕ್ಕರೆ ಮಾಡಬಲ್ಲದ್ದಕ್ಕೂ ನಡುವಿನ ಜಾಗವೇ ಆ ವಲಯ. ಪಾಠ ನಡೆಯಬೇಕಾದ್ದು ಅಲ್ಲಿ. ಇಂದು ಸಹಾಯದಿಂದ ಮಾಡಿದ್ದನ್ನು ನಾಳೆ ಮಗು ತಾನೇ ಮಾಡುತ್ತದೆ.

ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ. ಮೊದಲ ಸೆಮಿಸ್ಟರ್‌ನಲ್ಲಿ ತರಗತಿಯಲ್ಲಿ ಒಂದು ಸಂದೇಹ ಕೇಳಿದ್ದೆ. ಇಷ್ಟೂ ಗೊತ್ತಿಲ್ಲವೇ ಎಂಬ ಮಾತು ಬಂತು, ಹಿಂದಿನ ಬೆಂಚುಗಳು ನಕ್ಕವು. ಆಮೇಲೆ ನಾನು ಕೈ ಎತ್ತಿಲ್ಲ. ಯಾರ ಸಹಾಯವೂ ಇಲ್ಲದೆ ಕಲಿತರೆ ಮಾತ್ರ ಅದು ಜಾಣತನ ಎಂದು ನಂಬಿಕೊಂಡು ಎರಡು ವರ್ಷ ಕಳೆದಿದ್ದೆ.

ವೈಗೋಟ್ಸ್ಕಿಗೆ ಅಂಥ ಬಿಗುಮಾನ ಇರಲಿಲ್ಲ. 1931ರಲ್ಲಿ, ಮಿದುಳಿನ ಬಗ್ಗೆ ತನಗೆ ಇನ್ನೂ ತಿಳಿಯಬೇಕು ಅನ್ನಿಸಿ, ಹೆಸರಾಂತ ಪ್ರೊಫೆಸರ್ ಆಗಿದ್ದವರು ಮತ್ತೆ ವೈದ್ಯಕೀಯ ವಿದ್ಯಾರ್ಥಿಯಾಗಿ ಸೇರಿದರು. ಓದು ಮುಗಿಸಲು ಆಯಸ್ಸು ಬಿಡಲಿಲ್ಲ. ಚಿಂತನೆ ಮತ್ತು ಭಾಷೆಯ ಬಗೆಗಿನ ಅವರ ಪ್ರಸಿದ್ಧ ಪುಸ್ತಕದ ಕೊನೆಯ ಅಧ್ಯಾಯವನ್ನು ಹಾಸಿಗೆಯಲ್ಲೇ ಹೇಳಿ ಬರೆಸಿದರು. 1934ರ ಜೂನ್ 11ರಂದು ಮಾಸ್ಕೋದಲ್ಲಿ ತೀರಿಕೊಂಡಾಗ ಅವರಿಗೆ 37 ವರ್ಷ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಪುಸ್ತಕ ಅಚ್ಚಾಗಿ ಬಂದದ್ದು ಅದಾದ ಮೇಲೆ.

ಎರಡೇ ವರ್ಷಕ್ಕೆ, 1936ರಲ್ಲಿ, ಮಕ್ಕಳ ಬೆಳವಣಿಗೆಯ ಈ ಬಗೆಯ ಅಧ್ಯಯನವನ್ನು ಖಂಡಿಸಿ ಸೋವಿಯತ್ ಪಕ್ಷ ಆದೇಶ ಹೊರಡಿಸಿತು. ವೈಗೋಟ್ಸ್ಕಿಯ ಬರಹಗಳು ಮರೆಗೆ ಸರಿದವು. ಮತ್ತೆ ಅಚ್ಚಾದದ್ದು 1956ರಲ್ಲಿ. 1962ರಲ್ಲಿ ಇಂಗ್ಲಿಷ್‌ಗೆ ಬಂದಾಗ ಪಿಯಾಜೆ ತಮ್ಮ ಮೇಲಿನ ಟೀಕೆಗೆ ಉತ್ತರ ಬರೆದರು, ಕೆಲವನ್ನು ಒಪ್ಪಿದರು. ಅದನ್ನು ಓದಲು ವೈಗೋಟ್ಸ್ಕಿ ಇರಲಿಲ್ಲ. ಇಷ್ಟು ವರ್ಷ ಆ ಬರಹಗಳನ್ನು ಕಾಪಾಡಿದ್ದು ಮನೆಯವರು ಮತ್ತು ಲೂರಿಯಾರಂಥ ಗೆಳೆಯರು.

ಟಿಇಟಿಗೆ ಓದುವವರಿಗೆ ಒಂದು ಮಾತು. ಗೈಡುಗಳಲ್ಲಿ ಸ್ಕ್ಯಾಫೋಲ್ಡಿಂಗ್ ಎಂಬ ಪದವನ್ನೂ ವೈಗೋಟ್ಸ್ಕಿಯ ಹೆಸರಿಗೆ ಬರೆದಿರುತ್ತಾರೆ. ಆ ಪದ ಬಂದದ್ದು 1976ರಲ್ಲಿ, ವುಡ್, ಬ್ರೂನರ್ ಮತ್ತು ರಾಸ್ ಬರೆದ ಲೇಖನದಿಂದ. ಆದರೂ ಸಿವಿಲ್ ವಿದ್ಯಾರ್ಥಿಯಾದ ನನಗೆ ಆ ಹೋಲಿಕೆ ಇಷ್ಟವಾಯಿತು. ಅಪ್ಪ ಅದನ್ನು ಸಾರ್ವೆ ಎನ್ನುತ್ತಾರೆ. ಗೋಡೆ ಏಳುವವರೆಗೆ ಸಾರ್ವೆ ಬೇಕು, ಎದ್ದ ಮೇಲೆ ಬಿಚ್ಚಬೇಕು. ಆರ್‌ಸಿಸಿ ಹಾಕಿದಾಗ ಕೆಳಗೆ ಕೊಡುವ ಆಸರೆಯೂ ಹಾಗೆಯೇ. ಛಾವಣಿಯ ಅಗಲ ನೋಡಿ 7 ದಿನ, 14 ದಿನ ಎಂದು ನಮ್ಮ ಕೋಡ್ ಪುಸ್ತಕ ಲೆಕ್ಕ ಕೊಡುತ್ತದೆ. ಮೊದಲೇ ತೆಗೆದರೆ ಛಾವಣಿ ಕುಸಿಯುತ್ತದೆ. ಆಸರೆ ಇತ್ತು ಎಂಬ ಕಾರಣಕ್ಕೆ ಆ ಛಾವಣಿ ದುರ್ಬಲ ಎಂದು ಯಾರೂ ಹೇಳುವುದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೆ ಬ್ಯಾಕ್ ವಿಷಯ ಹೇಳಿದೆ. ಅವರು ಬೈಯಲಿಲ್ಲ. ತಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಮೇಸ್ತ್ರಿ ತನ್ನ ಕೈಗೆ ಕರಣೆಯನ್ನೇ ಕೊಟ್ಟಿರಲಿಲ್ಲ, ಆಮೇಲೆ ಕೈ ಹಿಡಿದು ಕಲಿಸಿದರು ಎಂದರು. ನಿನಗೆ ಹೇಳಿಕೊಡುವವರು ಯಾರೂ ಇಲ್ಲವೇ ಎಂದು ಕೇಳಿದರು. ಇದ್ದರು, ನಾನೇ ಕೇಳಿರಲಿಲ್ಲ.

ಹಾಸ್ಟೆಲ್‌ಗೆ ಬಂದು ಪಕ್ಕದ ಕೋಣೆಯ ಸೀನಿಯರ್ ಬಾಗಿಲು ತಟ್ಟಿದೆ. ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮೊದಲಿನಿಂದ ಬೇಕು ಎಂದೆ. ಅವರು ಲೆಕ್ಕ ಬಿಡಿಸಿ ಕೊಡಲಿಲ್ಲ. ನಿನಗೆ ಎಲ್ಲಿಯವರೆಗೆ ಬರುತ್ತದೆ, ಮುಂದಿನ ಹೆಜ್ಜೆ ಏನಿರಬಹುದು ಎಂದು ಕೇಳುತ್ತ ಹೋದರು. ಎರಡನೇ ವಾರಕ್ಕೆ ಅವರು ಮೊಬೈಲ್ ನೋಡುತ್ತ ಕೂತಿದ್ದರು, ನಾನು ಒಬ್ಬನೇ ಬಿಡಿಸುತ್ತಿದ್ದೆ. ಆ ಪೇಪರ್ ಈಗ ಪಾಸಾಗಿದೆ. ಅಂಕ ಹೇಳಿಕೊಳ್ಳುವಂಥದ್ದೇನಲ್ಲ.

ಅಕ್ಕ ಟಿಇಟಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ವೈಗೋಟ್ಸ್ಕಿ ಮೇಲೆ ಒಂದು ಪ್ರಶ್ನೆ ಬಂದಿತ್ತು, ಸರಿಯಾಗಿ ಬರೆದೆ ಎಂದಳು. ಈ ಸೆಮಿಸ್ಟರ್‌ನಲ್ಲಿ ನನಗೆ ಸ್ಟ್ರಕ್ಚರಲ್ ಅನಾಲಿಸಿಸ್ ಅರ್ಥವಾಗುತ್ತಿಲ್ಲ. ನಾಳೆ ತರಗತಿಯಲ್ಲಿ ಕೈ ಎತ್ತಬೇಕು ಎಂದುಕೊಂಡಿದ್ದೇನೆ. ಯಾರಾದರೂ ನಗಬಹುದು. ನಿಮ್ಮ ತರಗತಿಯಲ್ಲೂ ನಿಮಗೆ ಅರ್ಥವಾಗದ್ದೊಂದು ಉಳಿದಿದ್ದರೆ, ಗೆಳೆಯರೇ, ನೀವೂ ಕೇಳಿಬಿಡಿ.